ರಾಜಣ್ಣನ ಗ್ರಹಸಂಚಾರಿ

ಮದ್ದೂರು
೧೯-೨-೧೯೭೬

ಪ್ರೀತಿಯ ಸೋಮಕ್ಕನಿಗೆ,

ನಿನ್ನ ತಂಗಿ ಇಂದ್ರಮ್ಮನ ನಮಸ್ಕಾರಗಳು. ಇಲ್ಲಿ ನಾವು ಹೇಗೋ ಚೆನ್ನಾಗಿದ್ದೇವೆ. ಭದ್ರಾವತಿಯಲ್ಲಿ ನೀನು, ಭಾವ, ಮಕ್ಕಳು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಸಂಕ್ರಾಂತಿಗೆ ಬರೆದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬರೆಯಲು ಕೂತಾಗಲೆಲ್ಲ ರಾಜಣ್ಣನ ವಿಷಯಕ್ಕೆ ಬಂದು ಪೆನ್ನು ನಿಂತುಬಿಡುತ್ತಿತ್ತು.

ಮೈಸೂರಿನ ಆಸ್ಪತ್ರೆಯಿಂದ ಕರೆತಂದ ಮೇಲೆ ಅಣ್ಣ ನಮ್ಮ ಮನೆಯಲ್ಲೇ ಇದ್ದಾನೆ. ತಲೆಯ ಗಾಯ ಮಾಯ್ದು ಕೂದಲು ಬಂದಿದೆ. ತಾನೇ ಎದ್ದು ಓಡಾಡುತ್ತಾನೆ, ಮುದ್ದೆ ಮುರಿದು ಉಣ್ಣುತ್ತಾನೆ. ಆದರೆ ಕಬ್ಬಿನ ಗಾಡಿಗೆ ಸೈಕಲ್ ಗುದ್ದಿ ಬಿದ್ದದ್ದಾಗಲಿ, ಮಳವಳ್ಳಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದದ್ದಾಗಲಿ ನೆನಪಿಲ್ಲ. ಅಪ್ಪ ಅವ್ವ ತೀರಿಹೋದದ್ದೂ ನೆನಪಿಲ್ಲ. ಅವ್ವ ಎಲ್ಲಿ ಎಂದು ಕೇಳಿದಾಗ ಮೊದಮೊದಲು ನಿಜ ಹೇಳುತ್ತಿದ್ದೆ. ಪ್ರತಿಸಲವೂ ಆಗ ತಾನೇ ಕೇಳಿದವನಂತೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಈಗ ಗದ್ದೆಗೆ ಹೋಗಿದ್ದಾಳೆ ಅನ್ನುತ್ತೇನೆ.

ಅವನಿಗೆ ಗೊತ್ತುಮಾಡಿದ್ದ ದುದ್ದದ ಹುಡುಗಿಗೆ ಬೇರೆ ಕಡೆ ಮದುವೆಯಾಯಿತಂತೆ. ಅವರ ಮೇಲೆ ನನಗೆ ಕೋಪವಿಲ್ಲ. ನಾವಾಗಿದ್ದರೂ ಅದನ್ನೇ ಮಾಡುತ್ತಿದ್ದೆವು.

ಹೋದ ತಿಂಗಳು ತೋರಿಸಲು ಹೋದಾಗ ಡಾಕ್ಟರು, ಔಷಧಿಯಿಂದ ಆಗುವುದು ಇಷ್ಟೇ, ಚಿಕ್ಕಂದಿನಲ್ಲಿ ಇಷ್ಟವಾಗಿದ್ದದ್ದು ಏನಾದರೂ ಇದ್ದರೆ ತೋರಿಸಿ ನೋಡಿ ಎಂದರು. ಬಸ್ಸಿನಲ್ಲಿ ಬರುವಾಗ ನನಗೆ ಹೊಳೆದದ್ದು ‘ಗ್ರಹಸಂಚಾರಿ ಮಣಿಧರ’. ಅಪ್ಪ ಸಂತೆಯಿಂದ ತರುತ್ತಿದ್ದ ವಾರಪತ್ರಿಕೆಯ ಕೊನೆ ಪುಟದ ಚಿತ್ರಕಥೆ. ರಾಜಣ್ಣ ಅದನ್ನು ಕತ್ತರಿಸಿಡುತ್ತಿದ್ದ, ಅವ್ವ ಗೋಣಿದಾರದಲ್ಲಿ ಹೊಲಿದುಕೊಡುತ್ತಿದ್ದಳು. ಅವನು ಜೋರಾಗಿ ಓದುತ್ತಿದ್ದರೆ ನೀನು ರಾಗಿ ಬೀಸುವುದನ್ನು ನಿಲ್ಲಿಸಿ ಕೇಳುತ್ತಿದ್ದೆ.

ಆಮೇಲಿನ ಭಾನುವಾರ ಅದನ್ನು ಹುಡುಕಿಕೊಂಡು ಬೆಳಕವಾಡಿಗೆ ಹೋದೆ. ನಮ್ಮ ಹಳೇ ಮನೆ ಕೊಂಡವರು ಅಟ್ಟದಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿದ್ದರಂತೆ. ಪಕ್ಕದ ಮನೆ ಚಿಕ್ಕಬೋರಮ್ಮ ಆ ಕಟ್ಟನ್ನು ಎತ್ತಿಟ್ಟುಕೊಂಡಿದ್ದಳು.

“ಒಲೆಗಾಕಾನ ಅಂತ್ಲೇ ತಂದೆ ಕಣವ್ವ. ಗೊಂಬೆಗಳು ಕಣ್ ಬುಟ್ಕಂಡು ನನ್ನೇ ನೋಡ್ತಾ ಇದ್ವು. ಮನಸ್ ಬರ್ನಿಲ್ಲ” ಎಂದಳು.

ಬಸ್ಸಿನಲ್ಲಿ ತೆರೆದು ನೋಡಿದೆ, ಅಕ್ಕ. ನಾವು ಬಾಯಿಬಿಟ್ಟುಕೊಂಡು ನೋಡುತ್ತಿದ್ದ ಆ ಗಗನನೌಕೆ ನೀರೊಲೆಯ ಹಂಡೆಗೆ ರೆಕ್ಕೆ ಅಂಟಿಸಿದ ಹಾಗಿದೆ. ಚಂದ್ರಲೋಕದವರ ಹಸಿರು ಬಣ್ಣ ಗೆರೆ ದಾಟಿ ಆಕಾಶಕ್ಕೆಲ್ಲ ಹರಡಿದೆ. ಮನುಷ್ಯರು ಚಂದ್ರನ ಮೇಲಿಳಿದ ಸುದ್ದಿ ರೇಡಿಯೋದಲ್ಲಿ ಬಂದಾಗ ಅಣ್ಣ, ನಮ್ಮ ಮಣಿಧರ ಯಾವತ್ತೋ ಹೋಗಿಬಂದ ಎಂದು ನಕ್ಕಿದ್ದ. ಆ ಸುದ್ದಿಯೂ ಈಗ ಅವನ ತಲೆಯಲ್ಲಿಲ್ಲ.

ಮನೆಗೆ ತಂದು ತೊಡೆಯ ಮೇಲಿಟ್ಟೆ. ಮೊದಲು ಮೂಸಿ ನೋಡಿದ. ಆಮೇಲೆ ಮುಖ ಅರಳಿತು. ಚಿಕ್ಕಂದಿನ ಅದೇ ರಾಗದಲ್ಲಿ, ನೌಕೆ ಮೇಲೇರುವಾಗ ಬಾಯಲ್ಲಿ ಸದ್ದು ಮಾಡುತ್ತಾ, ಒಂದಕ್ಷರ ತಪ್ಪದೆ ಓದಿದ. ನಮ್ಮನೆಯವರು ಕೇಳಲಾರದೆ ಹಿತ್ತಲಿಗೆ ಹೋದರು. ನನಗೆ ಮಾತ್ರ ಆಸೆ ಹುಟ್ಟಿತು. ಇಷ್ಟು ನೆನಪಿದ್ದ ಮೇಲೆ ಇಲ್ಲಿಂದ ಒಂದೊಂದೇ ವರ್ಷ ದಾಟಿಸಿ ಇವನನ್ನು ಇವತ್ತಿಗೆ ಕರೆತರಬಹುದು ಅನ್ನಿಸಿತು. ಕಟ್ಟು ಮುಗಿದಾಗ, ಇದಾದ ಮೇಲೆ ಏನಾಯಿತು ಹೇಳು, ನೀನು ಮಳವಳ್ಳಿ ಹೈಸ್ಕೂಲಿಗೆ ಸೇರಿದೆಯಲ್ಲ ಎಂದೆ.

ಅವನು ಕೊನೆಯ ಪುಟ ತಿರುಗಿಸಿ ನೋಡಿದ. “ಮುಂದ್ಲ ವಾರ ಬತ್ತದೆ” ಎಂದ.

ಅಷ್ಟೇ. ಆವತ್ತಿನಿಂದ ದಿನವೂ ಮೊದಲಿನಿಂದ ಓದುತ್ತಾನೆ. ಮುಂದಿನದು ಬಂತಾ ಎಂದು ಕೇಳುತ್ತಾನೆ. ಆ ಪತ್ರಿಕೆ ನಿಂತು ಎಷ್ಟೋ ಕಾಲವಾಯಿತು. ನಾನು ಬಸ್ಸು ತಡ ಅನ್ನುತ್ತೇನೆ. ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಪಾಠ ಮಾಡಿ ಬಂದು ಮನೆಯಲ್ಲಿ ಇದೇ ಕೆಲಸ. ನಮ್ಮನೆಯವರು, “ನಗ್ತಾ ಅವ್ನಲ್ಲ ಬುಡು, ಇನ್ನೇನ್ ಬೇಕು” ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೂ ಅವನು ನಕ್ಕಾಗ ನಾನು ಎದ್ದು ಅಡಿಗೆಮನೆಗೆ ಹೋಗಿಬಿಡುತ್ತೇನೆ.

ನೀನು ಅವನನ್ನು ಭದ್ರಾವತಿಗೆ ಕರೆದೊಯ್ಯುತ್ತೇನೆಂದು ಬರೆದಿದ್ದೀಯ. ಬೇಡ ಎನ್ನಲೂ ಮನಸ್ಸಿಲ್ಲ, ಕಳಿಸಲೂ ಮನಸ್ಸಿಲ್ಲ. ಬೇಸಿಗೆ ರಜಕ್ಕೆ ಬಾ, ಕೂತು ಯೋಚಿಸೋಣ.

ಭಾವನವರಿಗೆ ನನ್ನ ನಮಸ್ಕಾರ. ಮಕ್ಕಳು ಚೆನ್ನಾಗಿ ಓದಿಕೊಂಡು, ಒಬ್ಬರ ಕೈ ಒಬ್ಬರು ಬಿಡದೆ ನೂರುಕಾಲ ಬಾಳಲಿ.

ನಿನ್ನ ತಂಗಿ,
ಇಂದ್ರಮ್ಮ

ಇನ್ನೊಂದು ಮಾತು, ಅಕ್ಕ. ಅಣ್ಣ ನನ್ನ ಹತ್ತಿರ ಏನು ಮಾತಾಡುತ್ತಾನೆ ಎಂದು ನೀನು ಕಾಗದದಲ್ಲಿ ಕೇಳಿದ್ದೆ. ಮೇಲೆ ಬರೆಯಲು ಕೈ ಬರಲಿಲ್ಲ. ಮಣಿಧರನ ನೌಕೆ ಹಾರಿಹೋಗಿ, ಅವನ ತಂಗಿಯೊಬ್ಬಳೇ ಆ ಗ್ರಹದಲ್ಲಿ ಉಳಿದುಬಿಡುವ ಪುಟವಿದೆಯಲ್ಲ, ನಿನ್ನೆ ಅಲ್ಲಿಗೆ ಬಂದಾಗ ಥಟ್ಟನೆ ಮುಚ್ಚಿ ಕಟ್ಟನ್ನು ನನ್ನ ಕೈಗೆ ಕೊಟ್ಟ. “ಇದ್ನ ಮ್ಯಾಲೆ ಮಡಗಿ ತಾಯಿ, ನಮ್ ಇಂದ್ರಿ ಇಸ್ಕೂಲಿಂದ ಬರೋ ಹೊತ್ತು. ಇದ್ನ ಕಂಡ್ರೆ ಅಳ್ತಾಳೆ” ಎಂದ. ಆಗಲಿ ಎಂದು ಮೇಲಿಟ್ಟೆ. ಅವನು ದಿನಾ ಸಂಜೆ ಬಾಗಿಲಲ್ಲಿ ನಿಂತು ಬೀದಿಯ ತುದಿಯವರೆಗೂ ನೋಡುತ್ತಾನೆ. ನಾನು ಅವನ ಹಿಂದೆಯೇ ನಿಂತಿರುತ್ತೇನೆ.