ನಮ್ಮ ಪಬ್ಬಿನ ಭಾನುವಾರದ ಊಟ

ನೆದರ್‌ಕೂಂಬ್,
ಮಂಗಳವಾರ

ಪ್ರೀತಿಯ ಅಪ್ಪನಿಗೆ,

ಅತ್ತೆಯ ಊರಿನ ಸಮುದ್ರದ ಗಾಳಿ ನಿನಗೆ ಹಿಡಿಸಿದೆ ಎಂದು ತಿಳಿದು ಸಂತೋಷವಾಯಿತು. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಅಮ್ಮ ತೀರಿಕೊಂಡ ಮೇಲೆ ನೀನು ಮುಚ್ಚಿದ್ದ ಪಬ್ಬಿನ ಅಡುಗೆಮನೆಯನ್ನು ನಾನು ತೆರೆದಿದ್ದೇನೆ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ.

ಬರೀ ಬಿಯರು, ಆಲೂಗಡ್ಡೆ ಚಿಪ್ಸಿಗೆ ಜನ ಎಷ್ಟು ದಿನ ಬಂದಾರು? ಮೊನ್ನೆ ಭಾನುವಾರ ಹಿಟ್ಟಿನ ಹೊದಿಕೆಯೊಳಗೆ ದನದ ಮಾಂಸ ತುಂಬಿ ಪೈ ಮಾಡಿದೆ. ಚರ್ಚು ಬಿಟ್ಟ ಮೇಲೆ ಬಂದವರಿಗೆ ಬೆಂಚುಗಳೇ ಸಾಲಲಿಲ್ಲ. ಕುರಿ ಸಾಕುವ ಮುದುಕ ಆಂಬ್ರೋಸ್ ಮೊದಲ ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ನಿಮ್ಮಮ್ಮನ ಕೈರುಚಿ ಅಲ್ಲ ಕಣಮ್ಮಾ ಹೆಟ್ಟಿ" ಎಂದ.

"ಅಲ್ಲ, ಇದು ನಂದು" ಎಂದೆ.

"ಹಂಗಾದ್ರೆ ಇನ್ನೊಂದು ತುಂಡು ಹಾಕು. ಅಭ್ಯಾಸ ಆಗ್ಬೇಕಲ್ಲ!"

ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ಒಲೆಯ ಮುಂದೆ ನಿಂತಿದ್ದೆ.

ಬರುವ ಭಾನುವಾರ ಹಂದಿಯ ತೊಡೆ ಬೇಯಿಸುತ್ತೇನೆ. ಅಡುಗೆ ನನಗೆ ಬರುತ್ತದೆ, ಆದರೆ ನಿನ್ನ ಹಾಗೆ ತೆಳ್ಳಗೆ ಹೋಳು ಕೊಯ್ಯಲು ಬರುವುದಿಲ್ಲ. ಚಾಕು ಮಸೆದಿಟ್ಟಿರುತ್ತೇನೆ. ಶನಿವಾರದ ಬಸ್ಸಿಗೇ ಬಾ.

ನಿನ್ನ ಮಗಳು,
ಹೆಟ್ಟಿ