ಯಾರೂ ಓಟು ಹಾಕದೆ ಗೆದ್ದ ಹೆಂಗಸು

ಮತಗಾಲ್ಪ,
೧೧ ಮಾರ್ಚ್ ೧೯೯೦

ನನ್ನ ಮುದ್ದು ಅರಾಸೆಲಿ,

ಅಮ್ಮನ ಮುತ್ತುಗಳು. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಹಾಗೆಯೇ ಪರದೇಶದ ಸಾನ್ ಹೊಸೆಗೆ ಮನೆಗೆಲಸಕ್ಕೆ ಹೊರಟಿರುವ ಎನೇಯ್ದಾಳ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವಳ ಮೇಲೂ ಪೂರ್ತಿ ನಂಬಿಕೆಯಿಲ್ಲ. ಆದರೆ ಅಕ್ಷರ ಕಲಿಸಲು ಬಂದವರ ಕೈಗೆ ಸಿಗದೆ ಓಡಿಹೋದವಳು ಅವಳು, ಓದಲಾರಳು. ಲಕೋಟೆ ಒಡೆದಿದ್ದರೆ ತಿಳಿಸು. ಓದಿದ ಮೇಲೆ ಒಲೆಗೆ ಹಾಕು.

ಎಲ್ಲರೂ ಆಳುವ ಫ್ರೆಂತೆ ಪಕ್ಷದ ಕಡೆಗೇ ಇದ್ದರಲ್ಲ, ಹುಡುಗರನ್ನು ಸೈನ್ಯಕ್ಕೆ ಎಳೆಯುವುದನ್ನು ನಿಲ್ಲಿಸುತ್ತೇನೆ ಅಂದ ಆ ವಿಧವೆ ಹೇಗೆ ಅಧ್ಯಕ್ಷೆಯಾಗಿ ಗೆದ್ದಳು ಎಂದು ಕೇಳಿದ್ದೀಯ. ನನಗೂ ಅದೇ ತಿಳಿಯುತ್ತಿಲ್ಲ. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಅವಳಿಗೆ ಹಾಕಿಲ್ಲ ಅನ್ನುತ್ತಾರೆ. ಆದರೆ ನಮ್ಮ ಶಾಲೆಯ ಪೆಟ್ಟಿಗೆಯಲ್ಲೇ ಅವಳಿಗೆ ಹೆಚ್ಚು ಓಟು ಬಿದ್ದಿವೆ.

ಮೊದಲಿಂದ ಹೇಳುತ್ತೇನೆ. ಡಿಸೆಂಬರಿನಲ್ಲಿ ನಿನ್ನ ತಮ್ಮ ವಿಲ್ಮರನಿಗೆ ಹದಿನೇಳು ತುಂಬಿತು. ಸೈನ್ಯದ ಲಾರಿ ಸಿನಿಮಾ ಮಂದಿರದ ಮುಂದೆ ನಿಂತು ಹುಡುಗರನ್ನು ಹತ್ತಿಸಿಕೊಳ್ಳುತ್ತಿತ್ತು. ನಮ್ಮ ದೊಡ್ಡ ಮಗ ನಾಹುಮನನ್ನು ಕರೆದೊಯ್ದದ್ದೂ ಅಂಥದೇ ಲಾರಿ. ಅವನು ಗಡಿಯ ಯುದ್ಧದಿಂದ ಪೆಟ್ಟಿಗೆಯಲ್ಲಿ ಮರಳಿದ, ಮುಚ್ಚಳ ತೆಗೆಯಬೇಡಿ ಅಂದರು. ಇನ್ನೊಬ್ಬನನ್ನು ಕೊಡಲು ನನ್ನಿಂದ ಆಗಲಿಲ್ಲ. ವಿಲ್ಮರನನ್ನು ಬೆಟ್ಟದ ಮೇಲಿನ ನಿನ್ನ ಒತಿಲಿಯಾ ಚಿಕ್ಕಮ್ಮನ ಮನೆಗೆ ಸಾಗಿಸಿ, ಯುವಕರ ದಳದ ಜೊತೆ ಕಾಫಿ ಬಿಡಿಸಲು ಹೋಗಿದ್ದಾನೆ ಎಂದು ಎಲ್ಲರಿಗೂ ಹೇಳಿದೆ. ನಿಮ್ಮಪ್ಪನಿಗೂ ಅದನ್ನೇ ಹೇಳಿದೆ. ಹತ್ತು ವರ್ಷದ ಹಿಂದೆ ಸರ್ವಾಧಿಕಾರಿಯ ಪಡೆಯನ್ನು ಫ್ರೆಂತೆಯ ಜೊತೆ ನಿಂತು ಇದೇ ಬೀದಿಯಿಂದ ಹೊಡೆದೋಡಿಸಿದ ಮನುಷ್ಯ ಅವರು. ಮಗನನ್ನು ಬಚ್ಚಿಟ್ಟಿದ್ದೇನೆ ಎಂದು ಅವರಿಗೆ ಹೇಗೆ ಹೇಳಲಿ?

ನನ್ನ ಭಯವೆಲ್ಲ ಎದುರುಮನೆ ತೊಮಾಸಾಳದು. ಫ್ರೆಂತೆಯ ಬೀದಿ ಸಮಿತಿಯ ಮುಖ್ಯಸ್ಥೆ, ಯಾರ ಮನೆಯ ಹೊಗೆ ಎಷ್ಟು ಹೊತ್ತಿಗೆ ಏಳುತ್ತದೆ ಎಂದು ಬಲ್ಲವಳು. ಅವಳ ಮಗನೂ ನಾಹುಮನ ಹಿಂದೆಯೇ ಗಡಿಯಲ್ಲಿ ಸತ್ತ. ಆದರೂ ಸಭೆಯಲ್ಲಿ ಅವಳದೇ ಜೋರು ದನಿ.

"ಎರ್ಮೆಲಿಂಡಾ, ಕಾಫಿ ಕುಯ್ಲು ಮುಗೀತಲ್ಲೇ? ನಿನ್ ಮಗ ಗಿಡ ನೆಡೋಕೂ ನಿಂತ್ಕೊಂಡ್ನಾ?" ಎಂದು ಹಿಟ್ಟಿನ ಗಿರಣಿಯಲ್ಲಿ ಎಲ್ಲರೆದುರು ಕೇಳಿದಳು.

"ಅವನಿಗೆ ಆ ಕೆಲ್ಸ ಹಿಡಿಸಿದೆ ಕಣೆ," ಅಂದೆ.

"ಮನೇಲಿ ಹಾಸಿಗೆ ಎತ್ತದವನಿಗೆ?" ಎಂದು ನಕ್ಕಳು. ಆ ನಗುವನ್ನು ಎಷ್ಟು ದಿನ ತಿರುವಿಹಾಕಿದೆನೋ. ಮನೆಗೆ ಬಂದವಳು ಬಾಗಿಲಿಗೆ ಒಳಗಿನಿಂದ ಮರದ ಅಗುಳಿ ಹಾಕಿದೆ.

ಓಟಿಗೆ ಮುಂಚೆ ರಾಜಧಾನಿ ಮನಾಗುವಾದಿಂದ ಒಬ್ಬಳು ಹುಡುಗಿ ಬಂದು ಯಾರಿಗೆ ಹಾಕುತ್ತೀರಿ ಎಂದು ಮನೆಮನೆಯಲ್ಲೂ ಕೇಳಿ ಬರೆದುಕೊಂಡಳು. ನಿಮ್ಮಪ್ಪ ಎದೆ ತಟ್ಟಿ ಫ್ರೆಂತೆ ಅಂದರು. ನಾನೂ ಅಂದೆ. ಬೀದಿಯಾಚೆಯಿಂದ ತೊಮಾಸಾ, "ಇದೂ ಒಂದು ಕೇಳೋ ಮಾತೇನಮ್ಮಾ? ಇಲ್ಲಿರೋರೆಲ್ಲ ಒಂದೇ," ಎಂದು ಕೂಗಿದಳು. ಆ ಹುಡುಗಿ ಖುಷಿಯಿಂದ ಹೋದಳು.

ಓಟಿನ ದಿನ ಸಾಲಿನಲ್ಲಿ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಮಾರನೆಯ ಬೆಳಿಗ್ಗೆ ರೇಡಿಯೋದಲ್ಲಿ ಸೋತಿದ್ದೇವೆ ಅಂದಾಗ ಪಟಾಕಿಯಿಲ್ಲ, ಅಳುವೂ ಇಲ್ಲ. ಗೆದ್ದವರೂ ಬಾಗಿಲು ಹಾಕಿಕೊಂಡಿದ್ದರು. ನಿಮ್ಮಪ್ಪ ಅಂಗಳದಲ್ಲಿ ಫ್ರೆಂತೆಯ ಕೆಂಪು-ಕಪ್ಪು ಕರವಸ್ತ್ರವನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದರು. ಆಮೇಲೆ ಕೇಳಿದರು, "ನೀನು ಯಾರಿಗೆ ಹಾಕಿದೆ?"

"ಓಟು ಗುಟ್ಟಿನದು ಅಂತ ನೀವೇ ಹೇಳ್ಕೊಟ್ರಿ," ಅಂದೆ.

"ಗುಟ್ಟಾದ್ರೆ ಅವಳಿಗೇ ಹಾಕಿದೀಯ. ಮಗನ ರಕ್ತ ಮರ್ತುಬಿಟ್ಟೆ."

ಹಾಗೆಂದವರು ತಮ್ಮ ತೂಗುಮಂಚವನ್ನು ಬಿಚ್ಚಿಕೊಂಡು ಹಿತ್ತಿಲ ಕೋಣೆಗೆ ಹೋದರು. ಮೂವತ್ತು ವರ್ಷದ ಸಂಸಾರದಲ್ಲಿ ಇದೇ ಮೊದಲು. ಯಾರಿಗೆ ಹಾಕಿದೆ ಎಂದು ನಾನು ಹೇಳಲಿಲ್ಲ ಮಗಳೇ. ನಿನಗೂ ಹೇಳುವುದಿಲ್ಲ, ಕೇಳಬೇಡ.

ಅದೇ ವಾರ ತೊಮಾಸಾ ಬಾಳೆಲೆಯಲ್ಲಿ ಸುತ್ತಿದ ಬಿಸಿ ನಕತಮಾಲ್ ಕಡುಬು ಹಿಡಿದು ಬಂದಳು. ನಾನು ಅದನ್ನು ಬಿಚ್ಚಲೂ ಇಲ್ಲ, ಕೂರು ಅನ್ನಲೂ ಇಲ್ಲ.

"ವಿಷ ಹಾಕಿಲ್ಲ ಮಾರಾಯ್ತಿ," ಎಂದು ತಾನೇ ಬಿಚ್ಚಿ ಒಂದು ತುತ್ತು ತಿಂದಳು. "ಹುಡುಗನ್ನ ಕರೆಸ್ಕೊ. ಈಗ ಹಿಡಿಯೋರಿಗೇ ಕೈಕಾಲಿಲ್ಲ."

"ಯಾವ ಹುಡುಗ? ಅವನು ಕಾಫಿ..."

"ಒತಿಲಿಯಾ ಮನೇಲಿದಾನೆ. ನೀನು ಅವನನ್ನ ಹಾಲಿನ ಗಾಡಿ ಹತ್ಸಿದ್ದು ನಾನು ಕಿಟಕೀಲಿ ನೋಡ್ದೆ. ಮೇಲಿನ ಸಮಿತಿಯವ್ರು ಎರಡು ಸಲ ಕೇಳಿದ್ರು. ಹುಡುಗ ಕಾಫಿ ಬಿಡಿಸ್ತಾ ಇದಾನೆ, ನಾನೇ ಬುತ್ತಿ ಕಟ್ಕೊಟ್ಟೆ ಅಂದೆ."

ಇವಳಿಗೆ ನನ್ನಿಂದ ಏನೋ ಬೇಕಾಗಿರಬೇಕು ಎಂದೇ ಮನಸ್ಸು ಹೇಳುತ್ತಿತ್ತು. "ಯಾಕೆ ಹೇಳ್ದೆ?" ಎಂದು ಒರಟಾಗಿಯೇ ಕೇಳಿದೆ.

"ನನ್ ಮಗನ್ನೂ ಯಾರಾದ್ರೂ ಹಾಗೆ ಹಾಲಿನ ಗಾಡಿ ಹತ್ಸಿದ್ದಿದ್ರೆ ಅಂತ," ಎಂದು ಬಾಳೆಲೆಯನ್ನು ಮತ್ತೆ ಮಡಚಿದಳು. ಸಭೆಯಲ್ಲಿ ಕೂಗುತ್ತಿದ್ದ ಆ ದನಿ ಎಲ್ಲಿ ಹೋಗಿತ್ತೋ. ನಾನು ಹುರಿದ ಜೋಳದ ಹಿಟ್ಟಿನ ಪಿನೊಲಿಯೋ ಕಲಸಿ ಕೊಟ್ಟೆ. ಇಬ್ಬರೂ ಕೂತು ಕುಡಿದೆವು.

ನಿಮ್ಮಪ್ಪನಿಗೆ ಹೇಗೆ ಹೇಳುವುದು ಎಂಬ ಚಿಂತೆ ಉಳಿದಿತ್ತು. ಮರುದಿನ ಅವರು ಎಲ್ಲಿಗೆ ಎಂದೂ ಹೇಳದೆ ಹೊರಟುಹೋದರು. ನನ್ನನ್ನು ಬಿಟ್ಟೇ ಹೋದರು ಅಂದುಕೊಂಡೆ. ಎರಡು ದಿನದ ಮೇಲೆ ತರಕಾರಿ ಲಾರಿಯಿಂದ ಇಳಿದರು, ಹಿಂದೆಯೇ ವಿಲ್ಮರ್. ಹುಡುಗ ನನಗಿಂತ ಎತ್ತರ ಬೆಳೆದಿದ್ದಾನೆ.

"ನಿಮಗೆ ಯಾರು ಹೇಳಿದ್ರು?" ಅಂದೆ.

"ಅವನು ನನ್ಗೂ ಮಗನೇ. ಕಣ್ಣು ನಿಂಗೊಬ್ಳಿಗೇ ಇದೆಯಾ?" ಅಂದರು. ಅಷ್ಟೇ. ತೂಗುಮಂಚ ಇನ್ನೂ ಹಿತ್ತಿಲ ಕೋಣೆಯಲ್ಲೇ ಇದೆ. ನಾನು ಊಟ ಬಡಿಸುವಾಗ ತಲೆಯೆತ್ತಿ ನೋಡುವುದಿಲ್ಲ.

ನೀನು ಚಳಿಗೆ ಸರಿಯಾಗಿ ಹೊದ್ದುಕೊ. ಆ ಮನೆಯೊಡತಿ ಸಿಹಿಮಾತಾಡಿದರೆ ಹುಷಾರು.

ನಿನ್ನನ್ನೇ ನೆನೆಯುತ್ತಿರುವ ಅಮ್ಮ,
ಎರ್ಮೆಲಿಂಡಾ

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮುಂಚೆ ವಿಲ್ಮರ್ ಪಾತ್ರೆ ಒರೆಸುತ್ತ ಒಂದು ವಿಷಯ ಹೇಳಿದ. ಲಾರಿಯ ಮೇಲೆ ಬರುವಾಗ ನಿಮ್ಮಪ್ಪ ಅವನ ಭುಜ ಹಿಡಿದುಕೊಂಡು ಅತ್ತರಂತೆ. ಆ ವಿಧವೆಗೆ ಓಟು ಹಾಕಿದ್ದು ಅವರೇ. "ನೀನು ಉಳೀಬೇಕಿತ್ತು ಕಣೋ, ಅಮ್ಮನಿಗೆ ಹೇಳ್ಬೇಡ" ಅಂದರಂತೆ. ನಾನು ಹಾಕಿದ್ದು ಫ್ರೆಂತೆಗೆ, ಅರಾಸೆಲಿ. ಪೆನ್ಸಿಲ್ ಹಿಡಿದಾಗ ನಾಹುಮನ ಪೆಟ್ಟಿಗೆಯ ಮೇಲೆ ಹೊದಿಸಿದ್ದ ಫ್ರೆಂತೆಯ ಬಾವುಟ ಕಣ್ಣಿಗೆ ಬಂತು, ಕೈ ಬೇರೆ ಕಡೆ ಹೋಗಲಿಲ್ಲ. ಇದನ್ನು ನಿಮ್ಮಪ್ಪನಿಗೆ ಹೇಳಬೇಡ. ತಮ್ಮನ್ನೇ ಬೈದುಕೊಳ್ಳುವ ಬದಲು ನನ್ನನ್ನು ಬೈದುಕೊಂಡಾದರೂ ಒಂದಿಷ್ಟು ದಿನ ಅನ್ನ ತಿನ್ನಲಿ.