ವಿಭೂತಿಯ ಚುಕ್ಕೆಗಳು

ಗುರುವಾರ, ೧೨ ಡಿಸೆಂಬರ್

ಆ ಬಿಳಿ ಚುಕ್ಕೆಗಳು ಕಣ್ಣಿನಿಂದ ಹೋಗುತ್ತಲೇ ಇಲ್ಲ.

ಬೆಳಿಗ್ಗೆ ಜಹೀರಾಬಾದಿನ ಆಸ್ಪತ್ರೆಗೆ ಹೊರಟಾಗ ಅತ್ತೆ ಪೂಜೆಯಿಂದೆದ್ದು ಬಂದು ನನ್ನ ಎಡಮೊಲೆಯ ಗಂಟಿನ ಮೇಲೆ ವಿಭೂತಿ ಬಳಿದರು. "ಕರಗಿ ಹೋಗ್ತದ ತಗೋ" ಅಂದರು. ದೀಪಾವಳಿಯಿಂದ ನಾನೇ ಮುಟ್ಟಲು ಹೆದರುತ್ತಿದ್ದ ಗಂಟು.

ಯಂತ್ರದ ಹಲಗೆಗಳ ನಡುವೆ ಮೊಲೆ ಒತ್ತಿ ಚಿತ್ರ ತೆಗೆದರು. ನೋವಿಗಿಂತ ನಾಚಿಕೆಯೇ ಹೆಚ್ಚು. ಚಿತ್ರ ನೋಡಿ ಸಿಸ್ಟರ್ ಕೇಳಿದಳು, "ಅಕ್ಕಾ, ಪೌಡರ್ ಹಚ್ಕೊಂಡು ಬಂದೀರೇನ್ರಿ? ಎಲ್ಲಾ ಬಿಳಿ ಚುಕ್ಕಿ ಕಾಣಾಕತ್ಯಾವ."

"ಪೌಡರ್ ಅಲ್ರಿ, ಈಬತ್ತಿ."

ಪುಣ್ಯಕ್ಕೆ ಆಕೆ ನಗಲಿಲ್ಲ. "ತೊಳ್ಕೊಂಡು ಬರ್ರಿ, ಮತ್ತೊಮ್ಮೆ ತೆಗೀತೀನಿ."

ತೊಳೆಯುವಾಗ ಜೀವ ಹಗುರಾಯಿತು. ಬಿಳಿಯದ್ದೆಲ್ಲ ವಿಭೂತಿಯೇ ಅಂದುಕೊಂಡೆ. ಎರಡನೇ ಚಿತ್ರದಲ್ಲಿ ಮೇಲಿನ ಚುಕ್ಕೆಗಳು ಇರಲಿಲ್ಲ. ಗಂಟಿನೊಳಗಿನವು ಮಾತ್ರ ಹಾಗೇ ಇದ್ದವು. ಸೋಮವಾರ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರಂತೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಏನಂದ್ರು, ಶಿವಕಾಂತಾ?"

"ನಿಮ್ಮ ಈಬತ್ತಿ ಫೋಟೋದಾಗ ಕಾಣಿಸ್ತ್ರಿ" ಅಂದೆ. ಅಷ್ಟೇ ಅಂದೆ.

ಅವರ ಮುಖ ಅರಳಿಬಿಟ್ಟಿತು. ಸೋಮವಾರ ಇನ್ನೂ ದಪ್ಪಗೆ ಹಚ್ಚಿ ಕಳಿಸುತ್ತಾರಂತೆ. ಹಚ್ಚಿಸಿಕೊಂಡು ಹೋಗಿ ಆಸ್ಪತ್ರೆಯಲ್ಲಿ ತೊಳೆದುಕೊಳ್ಳುತ್ತೇನೆ.